ಗಾಜು ತೊಳಿಯೋ ನೀರು

ಯಾಕ್ರಿ, ಮಾರಿ ಯಾಕ ಹಂಗ ಮಾಡಿದ್ರಿ? ಸೋಪು-ಸಬಕಾರದ ವಾಸನಿ ಬಂತ?... ಬರತೈತಿ, ಬರತೈತಿ. ಅರ್ಧಾ ಬಾಟ್ಲಿ ಒಂದ ದಮ್ಮಿಗೆ ಇಳಿಸಿ ಈಗ ಮೂಸಿ ನೋಡಾಕತ್ತೀರಲ್ರಿ ಕೃಷ್ಣಾಜಿ ಸಾವಕಾರ್ರ! ಬಿಸಲಾಗ ಕಾರ್ ಪಂಚರ್ ಆಗಿ ನಿಂತಿದ್ರಿ, ನನ್ನ ಟೆಂಪೊದಾಗ ಹತ್ತಿಸಿಕೊಂಡೆ. ನೀರಡಿಕಿ ಅಂದ್ರಿ, ಕೊಟ್ಟೆ. ಇದರಾಗ ಏನ ಐತಿ ಅಂತ ಆವಾಗ ಕೇಳಲಿಲ್ಲ ನೀವು.

ಈಗ ಕೇಳತೀರಿ?... ಹೇಳತೇನಲ್ರಿ, ಅದರಾಗ ಮುಚ್ಚಿಡೂದೇನೈತಿ. ಗಾಜು ತೊಳಿಯೋ ನೀರು. ನಿಮ್ಮ ಫ್ಯಾಕ್ಟರಿದ.

ಅಯ್ಯ! ಬಾಗಲಾ ಯಾಕ ಜಗ್ಗತೀರಿ? ಓಡೋ ಗಾಡಿಯಿಂದ ಬಿದ್ರ ಸೊಂಟ ಮುರೀತೈತಿ. ಕೂಡ್ರಿ, ಸುಮ್ಮನ ಕೂಡ್ರಿ. ಹೆದರಿಕಿ ಯಾಕ? ಸಬಕಾರ, ನೀರು, ಅಷ್ಟ. ಬ್ಯಾರೆ ಏನೂ ಇಲ್ಲ. ಇದು ನನ್ನ ಮಾತಲ್ರಿ, ನಿಮ್ಮ ಮಾತು! ನೀವ ಹೇಳಿದ ಮಾತಿಗೆ ನೀವ ಬೆವರಾಕತ್ತೀರಲ್ಲ?

ನನ್ನ ಗುರತ ಹತ್ತವಲ್ದು?... ಸೈ ಬಿಡ್ರಿ. ಬ್ಯಾರಲ್ ಏರಸವ್ರ ಮಾರಿ ಯಾವ ಸಾವಕಾರ ನೋಡತಾನ. ಮಹಮ್ಮದಗೌಸ ಅಂತಾರ ನನಗ. ಮುರಗೋಡದ ಮೌಲಾಬಿ ಮಗ. ಅಮೀರನ ಅಣ್ಣ... ಹಾಂ, ಈಗ ಹತ್ತಿತು! ಅಮೀರ ಅಂದ ಕೂಡಲೆ ಹತ್ತಿತು.

ಇದ ಟೆಂಪೊದಾಗ ನಿಮ್ಮ ಮಾಲು ರಾಮದುರ್ಗಕ್ಕ ಒಯ್ಯಾಕ ಹತ್ತಿದ್ದ ನನ್ನ ತಮ್ಮ. ಉಗರಗೋಳದ ಹತ್ರ ಒಂದ ಬ್ಯಾರಲ್ ಸೋರಾಕ ಹತ್ತಿತು. ಬಿಟ್ಟ ಬರಬೇಕಿತ್ತು, ಹುಚ್ಚ! ಸೋರಿ ಹೋಗಲಿ ಅಂತ ಬಿಡಬೇಕಿತ್ತು! ಸಾವಕಾರ್ರ ಮಾಲು ಹಾಳಾಗತೈತಿ ಅಂತ ಖಾಲಿ ಕ್ಯಾನ್ ಇಟ್ಟು, ರಬ್ಬರ್ ಪೈಪ್ ಬಾಯಿಗೆ ಹಚ್ಚಿ ಜಗ್ಗಿದ. ಡೀಸೆಲ್ ತಗಿಯಾಕ ನಾವೆಲ್ಲಾ ಹಂಗ ಮಾಡತೇವಿ, ನೀವೂ ನೋಡೀರಿ. ಬಾಯಿ ತುಂಬ ಬಂತು, ಗುಟಕ್ಕನ ಒಳಗ ಹೋತು. ಹೊಟ್ಟಿ ಸ್ವಚ್ಛ ಆತು ಅಣ್ಣಾ ಅಂತ ನಗಾಕ ಹತ್ತಿದ್ದ ಫೋನಿನ್ಯಾಗ. ಯಾಕ ನಗಬಾರದು? ಬ್ಯಾರಲ್ ಮ್ಯಾಲ ದಪ್ಪ ಅಕ್ಷರದಾಗ ಬರಸಿದ್ರಲ್ಲ ನೀವು, ಗಾಜು ತೊಳಿಯೋ ನೀರು ಅಂತ. ಬ್ಯಾರೆ ಹೆಸರಿಲ್ಲ, ತಲಿಬುರುಡಿ ಚಿತ್ರಿಲ್ಲ, ಒಂದ ಕೆಂಪ ಗುರತಿಲ್ಲ.

ಏನಂದ್ರಿ? ಎಲ್ಲಾರೂ ಹಂಗ ಬರಸತಾರ?... ಎಲ್ಲಾರೂ! ಹತ್ತು ಥರದ್ದು ಕೂಡಿಸಿ ಕಲಸಿದ್ರೂ ಅದರಾಗ ವಿಷ ಯಾವುದೈತೋ ಅದರ ಹೆಸರು ಹೊರಗ ಕಾಣಂಗ ಬರೀಬೇಕು. ಅದು ಕಾಯದೆ. ನಿಮಗ ಗೊತ್ತಿತ್ತು. ವಿಷದ ಹೆಸರು ಬರಸಿದ್ರ ನನ್ನ ಈ ಡಬ್ಬಾ ಟೆಂಪೊ ನಿಮಗ ನಡೀತಿರಲಿಲ್ಲ, ಅದಕ್ಕ ಬ್ಯಾರೆ ಗಾಡಿ ಬೇಕು, ತರಬೇತಿ ಆದ ಡ್ರೈವರ ಬೇಕು. ಅದಕ್ಕ ಬರಸಲಿಲ್ಲ. ಬರಸಲಿಲ್ಲ ಅಂದ್ರ ಬರಸಲಿಲ್ಲ, ಅದನ್ನೂ ನುಂಗತಿದ್ದೆ ನಾನು. ಆದ್ರ ಮರದಿನ?

ಮರದಿನ ಎದ್ದಾವ್ನ ಕಣ್ಣ ತಿಕ್ಕಾಕ ಹತ್ತಿದ. ಅಣ್ಣಾ, ಎಲ್ಲಾ ಬೆಳ್ಳಗ ಕಾಣತೈತೋ ಅಂದ. ದವಾಖಾನ್ಯಾಗ ಡಾಕ್ಟರು ಮತ್ತ ಮತ್ತ ಕೇಳಿದ್ರು, ಅದರಾಗ ಏನ ಕೂಡಸ್ಯಾರ, ಹೆಸರ ಹೇಳಿದ್ರ ಅದಕ್ಕ ತಕ್ಕ ಔಷಧ ಈಗಿಂದೀಗ ಕೊಡತೇನಿ ಅಂದ್ರು. ನಾ ನಿಮಗ ಫೋನ್ ಹಚ್ಚಿ ಅವರ ಕೈಯಾಗ ಕೊಟ್ಟೆ. ನಿಂತ ಕೇಳಾಕ ಹತ್ತಿದ್ದೆ ನಾ, ಬಾಜೂಕ. ಸಬಕಾರ, ನೀರು, ಬ್ಯಾರೆ ಏನೂ ಇಲ್ರಿ ಅಂದ್ರಿ. ಆರಾಮ ಅಂದ್ರಿ, ಪಾನ ಜಗಕೋತ ಅಂದ್ರಿ! ಅಷ್ಟಕ್ಕ ಬಿಟ್ರಿ? ಪೊಲೀಸರು ಬಂದಾಗ ಏನ ಹೇಳಿದ್ರಿ, ಆ ಹುಡುಗ ಭಟ್ಟಿ ಸೆರೆ ಕುಡದಿರಬೇಕು, ಅದಕ್ಕ ಕಣ್ಣ ಹೋಗ್ಯಾವು ಅಂತ!

ಹನಿ ಸೆರೆ ಮುಟ್ಟಿದಾಂವ ಅಲ್ರೀ ನನ್ನ ತಮ್ಮ! ಐದೂ ಹೊತ್ತು ನಮಾಜ ಬಿಡದಾಂವ. ಈಗ ಓಣ್ಯಾಗ ಸಣ್ಣ ಹುಡುಗುರು ಸೈತ ಕುಡುಕ ಅಮೀರ ಅಂತಾರ. ಅವ್ವ ತುತ್ತು ಮಾಡಿ ಬಾಯಾಗ ಇಡತಾಳ, ಅವ ಮಾರಿ ಗೋಡಿ ಕಡೆ ತಿರುಗಿಸಿ ಕುಂತಾನ. ಕಣ್ಣ ಹೋದದ್ದಕ್ಕ ಅಳಲಿಲ್ಲ ಅಂವ. ಅಣ್ಣಾ, ನೀನರ ನಂಬತೀಯೋ ಇಲ್ಲೋ ಅಂತ ಕೇಳಿ ಅತ್ತ.

ಎಲ್ಲಿಗೆ ಫೋನ್ ಹಚ್ಚಾಕತ್ತೀರಿ?... ದವಾಖಾನಿಗೆ? ಹಚ್ಚರಿ, ಹಚ್ಚರಿ. ನಾ ತಡಿಯಂಗಿಲ್ಲ. ಗಾಡಿನೂ ನಿಂದರಸತೇನಿ ಬೇಕಾದ್ರ, ಗದ್ದಲಾದಾಗ ಡಾಕ್ಟರಿಗೆ ಕೇಳಸಂಗಿಲ್ಲ. ಹಾಂ, ಮಾತಾಡ್ರಿ. ಏನ ಕುಡದೀರಿ ಹೇಳ್ರಿ. ಸಬಕಾರ, ನೀರು ಅನ್ರಿ!... ಏನಂದ್ರಿ? ಜೋರಾಗಿ ಅನ್ರಿ, ಡಾಕ್ಟರು ಮತ್ತ ಕೇಳಾಕತ್ತಾರ... ಮಿಥೆನಾಲ್! ಅರ್ಧಕ್ಕಿಂತ ಹೆಚ್ಚು ಮಿಥೆನಾಲ್, ಕಣ್ಣ ತಗಿಯೋ ವಿಷ! ಔಷಧ ಯಾವುದು ಅಂತನೂ ನೀವ ಹೇಳಾಕತ್ತೀರಿ! ಯಪ್ಪಾ, ಯಪ್ಪಾ... ಏನ ಚಂದ ಬಂತ್ರಿ ಹೆಸರು! ನಾಲಗಿ ತುದಿ ಮ್ಯಾಲ ಇಟಗೊಂಡ ಕುಂತಿದ್ರಿ. ದಿನಾ ಮುಂಜಾನೆ ಸ್ನಾನ ಮಾಡಿ ದೇವರ ಸಾವಿರ ಹೆಸರು ಹೇಳತೀರಂತ, ಒಂದೂ ತಪ್ಪಂಗಿಲ್ಲಂತ. ನನ್ನ ತಮ್ಮನ ಸಲವಾಗಿ ಒಂದ ಹೆಸರು ಹೇಳಾಕ ಬಾಯಿ ಬರಲಿಲ್ಲ ನಿಮಗ.

ಅಳಬ್ಯಾಡ್ರಿ. ಫೋನ್ ಇಡ್ರಿ. ನಿಮಗೇನೂ ಆಗಂಗಿಲ್ಲ. ಇದರಾಗ ಇರೂದು ನಳದ ನೀರು, ಚೂರ ಸಬಕಾರ... ನಂಬವಲ್ರಿ? ತರ್ರಿ ಇಲ್ಲೆ. ಇಕಾ, ಕುಡಿದೆ. ಉಳಿದದ್ದೆಲ್ಲಾ ಕುಡಿದೆ ನೋಡ್ರಿ. ನಿಮ್ಮ ಕಾರಿನ ಟಯರಿಗೆ ಮೊಳೆ ಇಟ್ಟಾಂವ ನಾನ. ಖರೇ ಮಾಲು ತುಂಬಿ ತರಬೇಕು ಅಂತಿದ್ದೆ, ಸುಳ್ಳ ಯಾಕ ಹೇಳಲಿ! ಆದ್ರ ನನಗ ನಿಮ್ಮ ಕಣ್ಣ ಬೇಕಾಗಿರಲಿಲ್ಲ, ಬಾಯಿ ಬೇಕಾಗಿತ್ತು. ನನ್ನ ತಮ್ಮ ಆವತ್ತ ಹೆಂಗ ಚಡಪಡಿಸಿದ್ನೋ ಹಂಗ ನೀವು ಒಂದೀಟ ಹೊತ್ತು ಚಡಪಡಿಸೂದ ನೋಡಬೇಕಾಗಿತ್ತು. ನೋಡಿದೆ. ಹೊಟ್ಟಿ ತಂಪಾತು.

ಏನಂದ್ರಿ?... ಅಮೀರನ ಕಡೆ? ಅವನ ಕಾಲ ಹಿಡಕೊಂಡು, ಓಣಿ ಮಂದಿ ಮುಂದ ಎಲ್ಲಾ ಹೇಳತೀರಿ? ಪೊಲೀಸರ ಮುಂದನೂ ಹೇಳತೀರಿ?... ಬ್ಯಾಡ. ಅಂವ ಮಲಗಿರತಾನ ಈ ಹೊತ್ತಿನ್ಯಾಗ. ಪೊಲೀಸರ ಕಡೆ ನಡೀರಿ ಬೇಕಾದ್ರ, ಮನಿಗೆ ಬ್ಯಾಡ... ಮನಿ ಇಲ್ಲೇ ಐತಿ ಖರೆ, ಮುರಗೋಡ ಬಂದ ಬಿಡತು. ಬ್ಯಾಡಂದ್ರ ಬ್ಯಾಡ್ರಿ! ಏಳಿಸಬಾರದು ಅವನ್ನ. ಅವ್ವ ಬೈತಾಳ.

ಯಾಕ ನನ್ನ ಕಡೆ ತಿರುಗಿ ಕುಂತ್ರಿ? ಈಗಷ್ಟ ಅಳಾಕತ್ತಿದ್ರಿ, ಅಳ್ರಿ. ಇಲ್ಲಾ ಬೈರಿ ನನ್ನ. ನೀರಾಗ ಸಬಕಾರ ಹಾಕಿ ಕೊಟ್ಟೇನಿ, ಕಪಾಳಕ್ಕ ಹೊಡೀರಿ! ಹಂಗ ನೋಡಬ್ಯಾಡ್ರಿ ನನ್ನ ಮಾರಿ... ನೋಡಬ್ಯಾಡಂದೆ. ಏನ, ಏನ ಬೇಕ ನಿಮಗ? ಏನ ಹೇಳಲಿ?

ಮನ್ಯಾಗ ಇಲ್ರಿ ಅಂವ.

ಹೋದ ವಾರ ಬಾವಿಗೆ ಬಿದ್ದ. ಕಣ್ಣಿಲ್ಲದಾಂವ ಕಾಲ ಜಾರಿರಬೇಕು ಅಂದ್ರು ಎಲ್ಲಾರೂ. ನಾನೂ ಹಂಗ ಅಂದೆ, ಅವ್ವನ ಮುಂದ. ಹುಟ್ಟಿದಾಗಿಂದ ಆಡಿದ ಬಾವಿ ಅದು, ಕಣ್ಣ ಹೋದ ಮ್ಯಾಲೂ ದಿನಾ ಹೋಗಿ ಕೈಕಾಲ ತೊಳಕೊಂಡ ಬರತಿದ್ದ... ಮಣ್ಣ ಕೊಡಾಕ ಬಂದವ್ರು ಸೈತ ಅಲ್ಲಲ್ಲೆ ನಿಂತು ಪಿಸಿಪಿಸಿ ಅಂದ್ರು, ಆವತ್ತೂ ಕುಡದಿದ್ನೇನೋ ಅಂತ. ನಾ ಕೇಳಿಸಿಕೊಂಡೆ. ಕೇಳಿಸಿಕೊಂಡು ಸುಮ್ಮನ ಮಣ್ಣ ಹಾಕಿದೆ.

ಗಾಡಿ ನಿಂದರಿಸಿದೆ. ಇಳೀರಿ. ಆ ಬೇವಿನ ಗಿಡದ ಕೆಳಗ ಹಸಿ ಮಣ್ಣ ಐತಲ್ಲ, ಅಲ್ಲೆ ನಡೀರಿ. ಚಪ್ಪಲಿ ಇಲ್ಲೇ ಬಿಡ್ರಿ. ಹಾಂ. ಈಗ ಹೇಳ್ರಿ ಆ ಹೆಸರು, ಡಾಕ್ಟರಿಗೆ ಹೇಳಿದಷ್ಟ ಜೋರಾಗಿ... ಅವಗ ಕೇಳಸಂಗಿಲ್ಲ, ನನಗ ಗೊತ್ತೈತಿ. ಹೇಳ್ರಿ.