ವ್ಯಾನಿನ ಛತ್ತು ಹತ್ತಿದವರು

ನಾರಾಯಣಖೇಡ್ ಬಸ್‌ಸ್ಟ್ಯಾಂಡಿನಲ್ಲಿ ಸಕ್ಕುಬಾಯಿಯ ಪಕ್ಕದಲ್ಲೇ ಗಂಡಹೆಂಡಿರಿಬ್ಬರು ಕೂತಿದ್ದರು. ಅವರೂ ಜಹೀರಾಬಾದ್ ಬಸ್ಸಿಗೇ ಕಾಯುತ್ತಿದ್ದರು. ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಅವರ ಯಾತ್ರೆಯ ವ್ಯಾನು ಮೇಲಿನ ಛತ್ತಿನಿಂದ ಸೋರಿ ರಿಪೇರಿಗೆ ಹೋಗಿತ್ತಂತೆ. ಸಕ್ಕುಬಾಯಿಯ ಕಿವಿ ತಾನಾಗಿ ಅತ್ತ ವಾಲಿತು.

“ಒಂದ್ ಮಳಿಗೇ ಗಾದಿ ಎಲ್ಲಾ ತೊಯ್ದಾವ. ಛತ್ತಿನ ಮ್ಯಾಲ ಯಾರೋ ಹತ್ಯಾರ, ಭವಾನಿ,” ಎಂದ ಗಂಡ.

“ಮತ್ಯಾರ್ರಿ? ನಿಮ್ಮ ತಮ್ಮ ಸುನೀಲನೇ.”

“ಮನಷಾ ಹತ್ತಿದ್ರ ತಗಡು ತಗ್ಗು ಬೀಳ್ತಿತ್ತು. ಇದು ತಗಡು ಕೂಡೋ ಸಂದಿನ ರಬ್ಬರ್ ಚೂರುಚೂರು ಕಿತ್ತದ.”

“ಗಾಡಿ ಕೊಡ್ಲಿಲ್ಲಂತ ಚಾಕು ಹಾಕ್ಯಾನ. ಅವನ ಮ್ಯಾಲ ನನಗ ಮೊದಲಿಂದ ಅನುಮಾನ ಅದ.”

“ಚಾಕು ಅಲ್ಲ. ಕಾಗಿ ಕುಕ್ಯಾವ.”

“ಕಾಗಿ ರಬ್ಬರ್ ತಿಂತಾವೇನ್ರಿ?”

“ನನಗೂ ಅದೇ ಅನುಮಾನ. ಆ ಸಂದ್ಯಾಗ ಇದು ಸಿಕ್ಕದ, ನೋಡು.”

ಸಕ್ಕುಬಾಯಿಯೂ ಕತ್ತು ಚಾಚಿ ನೋಡಿದಳು. ಅವನ ಅಂಗೈಯಲ್ಲಿ ಸಂಡಿಗೆಯ ಒಂದು ಮುರುಕು ಇತ್ತು.

“ಈ ಸಲ ಸಂಡಿಗಿ ಎಲ್ಲಿ ಒಣಗ್ಸಿದಿ?”

“ಬಸ್ ಬಂತು, ನಡೀರಿ!” ಎಂದು ಭವಾನಿ ಚೀಲ ಎತ್ತಿಕೊಂಡು ಓಡಿ, ಎಲ್ಲರಿಗಿಂತ ಮೊದಲು ಹತ್ತಿಬಿಟ್ಟಳು. ಗಂಡ ಕೂಗುತ್ತ ಹಿಂದೆ ಓಡಿದ.

ಸಕ್ಕುಬಾಯಿ ಕೂತಲ್ಲಿಂದ ಏಳಲಿಲ್ಲ. ಬಂದದ್ದು ಜಹೀರಾಬಾದ್ ಬಸ್ಸೇ ಅಲ್ಲ.