ಮೊದಲೇ ಬಿಸಿಯಾಗಿದ್ದ ಇಂಜಿನ್

ಹಲ್ಲಿನ ಡಾಕ್ಟರ ಬಾಗಿಲ ಮುಂದೆ ಊದಿದ ಕೆನ್ನೆ ಹಿಡಿದು ಕೂತಿದ್ದ ಮೇಷ್ಟ್ರಿಗೆ ಪಕ್ಕದ ಬೆಂಚಿನ ಮಾತು ಕೇಳಿ ನೋವೇ ಮರೆತುಹೋಯಿತು. ಅಲ್ಲಿದ್ದವರು ಭಾವ-ಭಾಮೈದ. ದೋಣಿಯ ಹಿಂದೆ ಹಗ್ಗ ಕಟ್ಟಿ, ಹಲಗೆಯ ಮೇಲೆ ನಿಂತವರನ್ನು ಕೆರೆಯ ತುಂಬ ಜಾರಿಸುವುದು ಅವರ ಕಸುಬು. ಹಳೇ ದೋಣಿ ಕೈಕೊಟ್ಟಿತ್ತು, ನಿನ್ನೆ ಎರಡು ಕಂಪನಿಗಳ ಹೊಸ ದೋಣಿ ನೋಡಿ ಬಂದಿದ್ದರು.

“ಕೆಂಪು ಕಂಪನೀದೇ ತಗೊಳ್ಳೋಣ ಭಾವ. ಸೀಟು ಹಾಸಿಗೆ ಇದ್ದಂಗಿದೆ.”

“ಆ ಸೀಟು ಎತ್ತಿ ನೋಡಿದೆ. ವೈರೆಲ್ಲ ಜಡೆ ಬಿಚ್ಚಿದಂಗೆ ನೇತಾಡ್ತಿತ್ತು. ನೀಲಿ ಕಂಪನೀದು ನೋಡೋಕೆ ಮಂಕು, ಆದ್ರೆ ಒಂದೊಂದು ವೈರಿಗೂ ಕ್ಲಿಪ್ ಹಾಕಿದ್ದಾರೆ.”

“ಕೆಂಪಿಂದು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತಲ್ಲ!”

“ಅದೇ ನನಗೆ ಡೌಟು. ಇಂಜಿನ್ ಮುಟ್ಟಿದೆ, ಸ್ಟಾರ್ಟ್ ಮಾಡೋಕೆ ಮುಂಚೇನೇ ಬಿಸಿ ಇತ್ತು.”

“ಬಿಸಿಲಿಗಿರಬೇಕು.”

“ಶೆಡ್ಡಿನೊಳಗೆ ಯಾವ ಸೂರ್ಯನಪ್ಪಾ? ತಣ್ಣಗಿದ್ರೆ ಏಳಲ್ಲ ಅಂತ ಮೊದಲೇ ಓಡಿಸಿಟ್ಟಿದ್ರು. ಈ ಸೀಸನ್ನೂ ನಡು ಕೆರೇಲಿ ನಿಂತ್ರೆ ಕಸುಬೇ ಮುಳುಗುತ್ತೆ. ಆಮೇಲೆ ನಿಮ್ಮಕ್ಕನ ಮುಖ ನೋಡ್ಕೊಂಡು ಮನೇಲಿ ಕೂರೋಣ, ಇಬ್ರೂ.”

“ಎಲ್ಲದಕ್ಕೂ ಅನುಮಾನ ನಿಮಗೆ.”

“ಹೇಳದೆ ಕೇಳದೆ ಹೋದ್ವಲ್ಲ. ನಾವು ಬರೋದು ಅವರಿಗೆ ಹೇಗೆ ಗೊತ್ತಾಯ್ತು?”

ಭಾಮೈದ ಗೋಡೆಯ ಮೇಲಿನ ದವಡೆಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

“ಒಂದು ಫೋನ್ ಮಾಡಿದ್ದೆ ಭಾವ. ಬಾಗಿಲು ತೆಗೆದಿರ್ತಾರಾ ಅಂತ. ಹೋದಾಗ ಒಂದು ಟೋಪಿ ಕೊಟ್ರು, ಅಷ್ಟೇ.”

“ಕೊಟ್ಟಿದ್ದು ನಿನಗೆ, ಹಾಕೋಕೆ ಹೊರಟಿದ್ದು ನನಗೆ.”

ಅಷ್ಟರಲ್ಲಿ ನರ್ಸ್ ಭಾಮೈದನನ್ನು ಕರೆದಳು. ಭಾವ ಎದ್ದು ಕೈ ಚಾಚಿದ.

“ಫೋನ್ ಇಲ್ಲಿ ಕೊಟ್ಟು ಒಳಗೆ ಹೋಗು. ಡಾಕ್ಟ್ರು ನಿನ್ನ ಬಾಯಿ ಬಿಡಿಸಿರೋ ಹೊತ್ತಲ್ಲಿ ಹೋಗಿ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿಸಿ ನೋಡ್ತೀನಿ.”

ಫೋನನ್ನು ಜೇಬಿಗಿಳಿಸಿ ಅವನು ಮೆಟ್ಟಿಲಿಳಿದ.