ಒಂದು ಮುಚ್ಚಳ ನೀರು

ಇಲ್ಲ ಮಾವ್ಶಿ, ಇದ್ರಲ್ಲಿ ನಗೋದು ಎಂಥದೂ ಇಲ್ಲ. ಮೊದಲು ಆ ಚಾಕು ಕೆಳಗಿಡಿ. ಹಲಸಿನ ಬೀಜ ಸುಲಿಯೋಕೆ ಹೋಗಿ ಬೆರಳು ಸುಲ್ಕೊಳ್ತೀರಿ, ಆಮೇಲೆ ಅದಕ್ಕೂ ನಾನೇ ಕಾರಣ ಆಗ್ತೇನೆ. ಹ್ಞಾಂ, ಈಗ ಕೇಳಿ. ನಾಲ್ಕು ಗಂಟೆಗೆ ಅವರು ಬರ್ತಾರೆ. ಪಾಸ್ಟರು, ಬಾಡಿಗೆ ಜೀಪಿನ ಮಂಜಯ್ಯ, ಮತ್ತೆ ನನ್ನ ಹೆಂಡತಿ. ಹೌದು, ಶೀಬಾನೇ. ಗಂಡನ ಚಿಕ್ಕಮ್ಮ ಅಂತಲೂ ನೋಡದೆ ಹನ್ನೊಂದು ವರ್ಷ ನಿಮ್ಮ ಮನೆ ಮೆಟ್ಟಿಲು ಹತ್ತದೇ ಇದ್ದವಳು ಇವತ್ತು ಪಾಸ್ಟರ ಓಮ್ನಿಯಲ್ಲಿ ಕೊಪ್ಪದಿಂದ ಮುತ್ತಿನಕೊಪ್ಪಕ್ಕೆ ನಿಮ್ಮನ್ನ ನೋಡೋಕಂತಲೇ ಬರ್ತಿದ್ದಾಳೆ. ಯಾಕಂದ್ರೆ ಕಳೆದ ಭಾನುವಾರ ನಿಮ್ಮ ಮೇಲೆ ಪವಿತ್ರಾತ್ಮ ಬಂತಂತೆ. ನೀವು ಅನ್ಯಭಾಷೆ ಆಡಿದ್ರಂತೆ.

ಮತ್ತೆ ನಗ್ತೀರಿ.

ನಾನು ಮನೇಲಿ ಹೇಳಿ ಬಂದದ್ದು ನಲ್ಲಿ ರಿಪೇರಿಗೆ ಅಂತ. ಸುಳ್ಳಲ್ಲ, ನೋಡಿ, ವಾಷರ್ ತಂದಿದ್ದೇನೆ. ಈಸ್ಟರಿಂದ ಹೇಳ್ತಿದ್ರಲ್ಲ, ಅಡಿಗೆಮನೆ ನಲ್ಲಿ ತೊಟ್ಟಿಕ್ತದೆ, ನಿದ್ದೆ ಬರೋದಿಲ್ಲ ಅಂತ. ಕೈ ಅದರ ಪಾಡಿಗೆ ಅದು ಕೆಲಸ ಮಾಡ್ತಿರ್ತದೆ, ನಾನು ಮಾತಾಡ್ತೇನೆ. ಕನ್ನಡದಲ್ಲೇ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಕೊಂಕಣಿ ಶುರು ಮಾಡಿದ್ರೆ ಅರ್ಧ ದಾರೀಲಿ ಕೈಕೊಡ್ತದೆ. ಶೀಬಾಂದು ಎನ್.ಆರ್. ಪುರದ ಮಲಯಾಳ, ನಂದು ಕೊಂಕಣಿ, ಮನೆ ನಡೆಯೋದು ಕನ್ನಡದಲ್ಲಿ. ಪಂಪಿನ ಮೋಟರ್ ರಿಪೇರಿ ಮಾಡೋನಿಗೆ ಅಷ್ಟು ಸಾಕು.

ನಿಮಗೆ ನೆನಪು ಮಾಡಿಸ್ತೇನೆ. ಭಾನುವಾರ ನೀವು ಕೊಪ್ಪಕ್ಕೆ ಕಣ್ಣಿನ ಕ್ಯಾಂಪಿಗೆ ಬಂದ್ರಿ. ಕಣ್ಣಿಗೆ ಮದ್ದು ಬಿಟ್ಟು, ಇನ್ನು ಮೂರು ಗಂಟೆ ಎಂಥದೂ ಸರಿಯಾಗಿ ಕಾಣೋದಿಲ್ಲ ಅಂತ ಕಳಿಸಿಬಿಟ್ರು. ನಿಮ್ಮನ್ನ ಎಲ್ಲಿ ಕೂರಿಸ್ಲಿ ನಾನು? ಬಸ್‌ಸ್ಟ್ಯಾಂಡಲ್ಲಿ? ನನಗೆ ಪ್ರಾರ್ಥನೆಗೆ ಹೊತ್ತಾಗಿತ್ತು. ಕೈ ಹಿಡ್ಕೊಂಡು ಗೊಬ್ಬರದಂಗಡಿ ಮಹಡಿ ಹತ್ತಿಸಿ, ನಮ್ಮ ಹಾಲ್‌ನಲ್ಲಿ ಎಲ್ಲಕ್ಕಿಂತ ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಸುಮ್ನೆ ಕೂತಿರಿ ಅಂದಿದ್ದೆ. ಅಂದಿದ್ನೋ ಇಲ್ವೋ? ಅಂದಿದ್ದೆ.

ಅಲ್ಲಿ ನನ್ನ ಪರಿಸ್ಥಿತಿ ನಿಮಗೆ ಗೊತ್ತಿಲ್ಲ. ಆತ್ಮ ಬಂದವರು ಅನ್ಯಭಾಷೆ, ಅಂದ್ರೆ ಯಾರಿಗೂ ಅರ್ಥ ಆಗದ ಭಾಷೆ ಆಡ್ಬೇಕು, ಆಡದವರಿಗೆ ಇನ್ನೂ ಬಂದಿಲ್ಲ ಅಂತ ಲೆಕ್ಕ. ಶೀಬಾಗೆ ಮೊದಲ ತಿಂಗಳೇ ಬಂತು. ಮೀನು ಮಾರೋ ಬೂತಪ್ಪನಿಗೆ ಮೂರನೇ ವಾರಕ್ಕೆ ಬಂತು. ಬೂತಪ್ಪ ಇನ್ನೂ ಹೆಸರು ಬದಲಾಯಿಸಿಲ್ಲ, ಆತ್ಮಕ್ಕೆ ಅದರ ತಕರಾರಿಲ್ಲ. ನಾನು ಏಳು ವರ್ಷದಿಂದ ಹೋಗ್ತಿದ್ದೇನೆ ಮಾವ್ಶಿ. ಕೈ ಎತ್ತಿ ನಿಲ್ತೇನೆ. ಕೈ ನೋವು ಬರ್ತದೆ, ಇಳಿಸ್ತೇನೆ. ಬ್ರದರ್ ಲ್ಯಾನ್ಸಿಗೋಸ್ಕರ ಎಲ್ರೂ ಪ್ರಾರ್ಥನೆ ಮಾಡಿ ಅಂತ ಪಾಸ್ಟರು ಪ್ರತಿ ವಾರ ಹೇಳ್ತಾರೆ, ಎಲ್ರೂ ಹಿಂತಿರುಗಿ ನನ್ನನ್ನ ನೋಡ್ತಾರೆ. ಶೀಬಾ ಮನೇಲಿ ಒಂದೇ ಮಾತು ಹೇಳ್ತಾಳೆ. ನಿಮ್ಮೊಳಗೆ ಎಂಥದೋ ಅಡ್ಡ ಕೂತಿದೆ, ಅದನ್ನ ಹೇಳಿಬಿಡಿ, ಬಾಯಿ ತಾನಾಗಿ ಬಿಡ್ತದೆ. ನಂಗೆಂಥ ಅಡ್ಡ ಇರ್ತದೆ, ಹೇಳಿ.

ಆ ಸ್ಪ್ಯಾನರ್ ಇಲ್ಲಿ ಕೊಡಿ. ಅದಲ್ಲ, ಸಣ್ಣದು. ಆಯ್ತು, ಇನ್ನು ಬೀಜ ಸುಲ್ಕೊಳ್ಳಿ, ಬೆರಳು ಜೋಪಾನ.

ಭಾನುವಾರ ನನಗೂ ಬಂತು. ಹ್ಯಾಗೆ ಅಂದ್ರೆ... ಬಂತು. ಆಡೋನಿಗೆ ಗೊತ್ತಾಗೋದಿಲ್ಲ ಅದು. ನಾಲಗೆ ತನ್ನಷ್ಟಕ್ಕೆ ಹೋಗ್ತದೆ. ಎಂಥ ಹೇಳಿದೆ ಅಂತ ಈಗ ಕೇಳಿದ್ರೆ ನನಗೆ ಒಂದು ಶಬ್ದವೂ ನೆನಪಿಲ್ಲ.

ಹಾಗೆ ನೋಡ್ಬೇಡಿ.

ನೋಡ್ಬೇಡಿ ಅಂದೆ.

ಆಯ್ತು ಮಾರಾಯ್ರೆ. ಲದಿನ್. ನಿಮ್ಮ ಲದಿನ್ನೇ. ಸಂಜೆ ಜಪಮಾಲೆ ಹಿಡಿದು ತೇರ್ಸ್ ಮುಗಿದ ಮೇಲೆ ನೀವು ಮರಿಯ ಮಾತೆಯ ಬಿರುದು ಒಂದೊಂದಾಗಿ ಹೇಳೋದು, ನಾವು ಮಕ್ಕಳು ಮೊಣಕಾಲ ಮೇಲೆ ತೂಕಡಿಸ್ತಾ ಪ್ರತಿ ಸಲ ಒರಪ್ರೊನೋಬಿಸ್ ಅನ್ನೋದು. ಇಗರ್ಜಿಯಲ್ಲಿ ಪೂಜೆ, ಪ್ರಾರ್ಥನೆ ಎಲ್ಲ ಕನ್ನಡಕ್ಕೆ, ಕೊಂಕಣಿಗೆ ಬಂದು ಎಷ್ಟೋ ವರ್ಷ ಆದ್ರೂ ನೀವು ಮನೇಲಿ ಲ್ಯಾಟಿನ್ ಬಿಡ್ಲಿಲ್ಲ. ಅರ್ಥ ನಿಮಗೂ ಗೊತ್ತಿರ್ಲಿಲ್ಲ. ಕೇಳಿದ್ರೆ, ಮಾತೆಗೆ ಅರ್ಥ ಆಗ್ತದೆ, ನೀನು ಕಣ್ಣು ಮುಚ್ಚು ಅಂತಿದ್ರಿ.

ಬೇಕೂಂತ ಮಾಡಿದ್ದಲ್ಲ. ಅವತ್ತು ಎಲ್ರೂ ಒಟ್ಟಿಗೆ ಶುರು ಮಾಡಿದ್ರು. ಶೀಬಾ ಹೆಂಗಸರ ಸಾಲಿನಿಂದ ನನ್ನನ್ನೇ ನೋಡ್ತಿದ್ಲು, ಇವತ್ತೂ ಇಲ್ವಾ ಅನ್ನೋ ಹಾಗೆ. ನನಗೆ ತಡೀಲಿಕ್ಕಾಗ್ಲಿಲ್ಲ. ಬಾಯಿ ತೆಗೆದೆ. ಒಳಗೆ ಇದ್ದದ್ದು ಅದೊಂದೇ, ಅದೇ ಬಂತು. ಮರಿಯ ಅಂತ ಬರೋ ಜಾಗದಲ್ಲಿ ಮಾತ್ರ ಕೆಮ್ಮಿದೆ. ಅಲ್ಲಿ ಆ ಹೆಸರು ನಡೆಯೋದಿಲ್ಲ.

ಹೌದು, ಸರಿ. ನಾಲಗೆ ತನ್ನಷ್ಟಕ್ಕೆ ಹೋಗ್ತಿದ್ರೆ ಸರಿಯಾದ ಜಾಗದಲ್ಲಿ ಕೆಮ್ಮೋದು ಹ್ಯಾಗೆ. ನೀವು ಟೀಚರ್ ಆಗಿದ್ದದ್ದು ಸುಮ್ನೆ ಅಲ್ಲ.

ಎರಡನೇ ಬಿರುದು ಮುಗೀತಿದ್ದ ಹಾಗೆ ಹಿಂದಿನ ಕುರ್ಚಿಯಿಂದ ಕೇಳ್ತು, ಒರಪ್ರೊನೋಬಿಸ್. ನೀವೇ. ಕಣ್ಣು ಕಾಣೋದಿಲ್ಲ, ಎಲ್ಲಿ ಕೂತಿದ್ದೀರಿ ಅಂತ ಗೊತ್ತಿಲ್ಲ, ಕಿವಿಗೆ ಲದಿನ್ ಬಿತ್ತು, ನೀವು ಉತ್ತರ ಕೊಟ್ರಿ. ಅರವತ್ತು ವರ್ಷದ ಅಭ್ಯಾಸ, ನಿಮ್ಮದೂ ತಪ್ಪಿಲ್ಲ. ನಾನು ನಿಲ್ಲಿಸ್ಬಹುದಿತ್ತು. ನಿಲ್ಲಿಸಿದ್ರೆ ಮುಂದಿಂದು ನೀವೇ ಶುರು ಮಾಡ್ತಿದ್ರಿ, ಅದೂ ಕೆಮ್ಮದೆ. ಅದಕ್ಕೇ ನಡೆಸಿದೆ. ಒಬ್ಬೊಬ್ರಾಗಿ ಎಲ್ರೂ ಸುಮ್ಮನಾದ್ರು. ಕೊನೆಗೆ ನಾವಿಬ್ರೇ. ಗೋಡೆಗೆ ಮಾತೆಯ ಒಂದು ಪಟ ಇಲ್ಲದ ಜಾಗದಲ್ಲಿ ಮಾತೆಯ ಅಷ್ಟೂ ಬಿರುದು ಹೇಳಿ ಮುಗಿಸಿದ್ವಿ. ಪಾಸ್ಟರು ಕರ್ಚೀಫಲ್ಲಿ ಕಣ್ಣು ಒರೆಸ್ಕೊಂಡ್ರು. ಒಬ್ಬ ಕೇಳೋದು, ಇನ್ನೊಬ್ಬರು ಉತ್ತರ ಕೊಡೋದು, ಇಂಥಾದ್ದು ಅವರು ಎಲ್ಲೂ ನೋಡಿರ್ಲಿಲ್ವಂತೆ.

ನಗಿ. ಇಷ್ಟಕ್ಕೆ ನಾನೂ ನಗ್ತೇನೆ. ಮುಂದಿಂದು ಕೇಳಿ.

ಮಂಜಯ್ಯ ಎದ್ದು ನಿಂತ. ಅವನಿಗೆ ಅನ್ಯಭಾಷೆಗೆ ಅರ್ಥ ಹೇಳೋ ವರ ಇದೆ. ಒಳ್ಳೆ ಮನುಷ್ಯ, ಬೇಕೂಂತ ಸುಳ್ಳು ಹೇಳೋನಲ್ಲ. ಕಣ್ಣು ಮುಚ್ಚಿ, ದೇವರ ಮಾತು ಇದು ಅಂತ ಹೇಳಿದ. ಮಗು ಕಳ್ಕೊಂಡ ತಾಯಿ ಒಬ್ಬಳು ಇಲ್ಲಿದ್ದಾಳೆ. ನಿನ್ನ ಮಗು ನನ್ನ ಮಡಿಲಲ್ಲಿದೆ, ನಾನದನ್ನ ಹೆಸರು ಹಿಡಿದು ಕರೀತೇನೆ, ಇನ್ನು ಅಳಬೇಡ.

ಶೀಬಾ ಅಳ್ಲಿಲ್ಲ. ಮನೆಗೆ ಬಂದು ಗಂಜಿ ಕುಡಿದು ಮಲಗಿದ್ಲು. ಬೆಳಿಗ್ಗೆ ಏಳೂವರೆವರೆಗೂ ನಿದ್ದೆ. ಎದ್ದವಳು ಕಪಾಟಿನ ಅಡಿಯಿಂದ ಆ ಹಳದಿ ಟವೆಲ್ ತೆಗೆದ್ಲು. ಆಸ್ಪತ್ರೆಯಿಂದ ಮಗುವನ್ನ ಸುತ್ತಿ ತಂದದ್ದು. ನಾನು ಮುಟ್ಟಿದ್ರೂ ಮೈಮೇಲೆ ಬರೋಳು, ಅವತ್ತು ತಾನೇ ಸೋಪ್ ಹಾಕಿ ಒಗೆದು ತಂತಿ ಮೇಲೆ ಒಣಗಿಸಿದ್ಲು. ಅದು ಒಣಗೋದನ್ನ ನೋಡ್ತಾ ನಾನು ಅಂಗಡಿಗೇ ಹೋಗ್ಲಿಲ್ಲ. ಅಷ್ಟು ಸಮಾಧಾನ ಆಗಿತ್ತು ನನಗೆ.

ಅದಕ್ಕೇ ಬಂದೆ. ಲದಿನ್ ಅನ್ಬೇಡಿ, ಅಷ್ಟೇ. ಅದು ಲದಿನ್ ಅಂತ ಗೊತ್ತಾದ್ರೆ ಮಂಜಯ್ಯ ಹೇಳಿದ್ದೂ ಸುಳ್ಳಾಗ್ತದೆ, ಅವಳ ಮಗು ಮತ್ತೆ ಎಲ್ಲೂ ಇಲ್ಲದ ಹಾಗಾಗ್ತದೆ. ಅವರು ಕೇಳಿದ್ರೆ, ಕಣ್ಣಿಗೆ ಮದ್ದು ಬಿಟ್ಟಿದ್ರು, ನೆನಪಿಲ್ಲ ಅನ್ನಿ. ಮದ್ದು ಬಿಟ್ಟದ್ದು ನಿಜವೇ. ಅರ್ಧ ನಿಜ ಆಯ್ತಲ್ಲ.

ತಲೆ ಆಡಿಸ್ತೀರಿ. ನೀವು ಸುಳ್ಳು ಹೇಳೋರಲ್ಲ, ಗೊತ್ತು ನನಗೆ. ಆದ್ರೂ ಮಾವ್ಶಿ, ಈ ವಿಷಯದಲ್ಲಿ ನೀವೂ ಅವಳಿಗೆ ಸ್ವಲ್ಪ... ಬೇಜಾರು ಮಾಡ್ಕೋಬೇಡಿ, ಹೇಳಿಬಿಡ್ತೇನೆ. ಶಿವಮೊಗ್ಗದ ಆಸ್ಪತ್ರೆಯಿಂದ ಜೀವ ಹೋದ ಮಗುವನ್ನ ತಂದು ಗಾಡಿ ಇಳಿದಿದ್ವಿ ಅಷ್ಟೇ. ನೀವು ಕೇಳಿದ್ದು ಒಂದೇ ಮಾತು. ನೀರು ಹಾಕಿದ್ರಾ? ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಭಾನುವಾರದ ಪಾಠದಲ್ಲಿ ನಮಗೆಲ್ಲ ನೀವೇ ಕಲಿಸಿದ್ದು. ಜ್ಞಾನಸ್ನಾನ ಆಗದೆ ಸತ್ತ ಮಗು ಸ್ವರ್ಗಕ್ಕೆ ಹೋಗೋದಿಲ್ಲ, ಹಾಗಾಗಿ ಮಗು ಉಳಿಯೋದಿಲ್ಲ ಅಂತಾದ್ರೆ ಪಾದ್ರಿಗೆ ಕಾಯ್ಬೇಡಿ, ಯಾರು ಬೇಕಾದ್ರೂ ಜ್ಞಾನಸ್ನಾನ ಕೊಡಬಹುದು, ತಲೆ ಮೇಲೆ ಒಂದಿಷ್ಟು ನೀರು, ಬಾಯಲ್ಲಿ ಒಂದು ವಾಕ್ಯ. ಗೊಂಬೆ ತಂದು ಒಬ್ಬೊಬ್ಬರ ಹತ್ರ ಮಾಡಿಸಿದ್ರಿ. ನಾನು ಒಂದೂ ತಪ್ಪಿಲ್ಲದೆ ಮಾಡಿದ್ದೆ, ನೀವು ಪೆಪ್ಪರ್‌ಮಿಂಟ್ ಕೊಟ್ಟಿದ್ರಿ.

ನಾನು ಹೇಳಿದೆ, ನರ್ಸ್ ಒಳಗೆ ಬಿಡ್ಲಿಲ್ಲ ಅಂತ. ನೀವು ಮುಖ ಆಚೆ ತಿರುಗಿಸಿದ್ರಿ. ಶೀಬಾ ಅದನ್ನ ನೋಡಿದ್ಲು. ಆಮೇಲೆ ಪಾದ್ರಿಗಳು ಎಷ್ಟು ಸಮಾಧಾನ ಹೇಳಿದ್ರು, ಇಗರ್ಜಿಯ ಜಾಗದಲ್ಲೇ ಮಣ್ಣು ಮಾಡಿಸಿದ್ರು. ಅವಳಿಗೆ ಯಾವುದೂ ನಾಟ್ಲಿಲ್ಲ, ನೀವು ಮುಖ ತಿರುಗಿಸಿದ್ದು ಒಂದೇ ನಾಟಿತು. ನಾಲ್ಕು ವರ್ಷ ಆದ್ಮೇಲೆ ಯಾರೋ ಈ ಹಾಲ್‌ಗೆ ಕರ್ಕೊಂಡು ಹೋದ್ರು. ಅಲ್ಲಿ ಪಾಸ್ಟರು ಹೇಳಿದ್ರು, ಸಣ್ಣ ಮಕ್ಕಳಿಗೆ ಸ್ನಾನವೇ ಬೇಡ, ದೇವರು ಹಾಗೇ ಎತ್ತಿಕೊಳ್ತಾನೆ. ಆ ಒಂದು ಮಾತಿಗೆ ಅವಳು ಇಗರ್ಜಿ ಬಿಟ್ಲು. ನಾನು ಅವಳ ಹಿಂದೆ ಹೋದೆ. ನನಗೆ ಬೈಬಲ್ ವಾದ ಎಂಥ ಗೊತ್ತು? ಅವಳು ಉಣ್ಬೇಕಿತ್ತು, ಮಲಗ್ಬೇಕಿತ್ತು.

ಹಾಗಾಗಿ ನಿಮ್ಮ ಮೇಲೂ ಸ್ವಲ್ಪ ಬಾಕಿ ಇದೆ ಅಂತ ನಾನು ಹೇಳಿದ್ದು. ಆ ಮಾತು ನೀವು ಕೇಳದಿದ್ರೆ... ಅಲ್ಲ, ನಿಮ್ಮನ್ನ ದೂರ್ತಿಲ್ಲ. ಮೂಲ ತಪ್ಪು ಆ ನರ್ಸಿಂದು. ಗಾಜಿನ ಬಾಗಿಲಿಗೆ ಅಡ್ಡ ನಿಂತು, ಈಗ ಆಗೋದಿಲ್ಲ ಅಂದ್ಲು. ನಾನು ಕಾಲು ಹಿಡಿಯೋದೊಂದು ಬಾಕಿ. ಡಾಕ್ಟರನ್ನ ಕೇಳಿ ಅಂದ್ಲು, ಡಾಕ್ಟರೂ ಆಗೋದಿಲ್ಲ ಅಂದ್ರು.

ಎಂಥ? ಆಗ ಡಾಕ್ಟರ್ ವಿಷಯ ಹೇಳಿರ್ಲಿಲ್ವಾ? ಇದ್ರು. ಡಾಕ್ಟರೂ ಇದ್ರು ಅಲ್ಲಿ.

ನೋಡಿ, ನಲ್ಲಿ ಆಯ್ತು. ಒಂದು ಹನಿ ಇಲ್ಲ.

ಬೀಜ ಸುಲಿಯೋದು ಯಾಕೆ ನಿಲ್ಲಿಸಿದ್ರಿ? ಸುಲೀರಿ. ಏನಾದ್ರೂ ಮಾತಾಡಿ ಮಾವ್ಶಿ. ಬೈಯ್ರಿ ಬೇಕಾದ್ರೆ. ಅಷ್ಟು ಹೊತ್ತು ಆ ನೀರಿನ ಸದ್ದಾದ್ರೂ ಇತ್ತು. ನೀವು ಹೀಗೆ ಸುಮ್ನೆ ಕೂತ್ರೆ ನಾನು... ಲದಿನ್ ಹೇಳೋವಾಗ ಉತ್ತರ ಕೊಡೋಕೆ ಆಗ್ತದೆ, ಈಗ ಒಂದು ಮಾತು ಆಡೋಕೆ ಆಗೋದಿಲ್ವಾ?

ಅವಳು ಒಳ್ಳೆ ನರ್ಸ್.

ಅವಳೇ ನನ್ನನ್ನ ಒಳಗೆ ಕರೆದದ್ದು. ಶೀಬಾಗೆ ಇನ್ನೂ ಎಚ್ಚರ ಇರ್ಲಿಲ್ಲ. ಮಗು ಇನ್ನು ಹೆಚ್ಚು ಹೊತ್ತಿಲ್ಲ, ನೀವು ಇಗರ್ಜಿಯವರಲ್ವಾ, ಏನಾದ್ರೂ ಹೇಳೋದಿದ್ರೆ ಹೇಳಿ ಅಂದ್ಲು. ತನ್ನ ಕುಡಿಯೋ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, ಬಾಗಿಲು ಹಾಕ್ಕೊಂಡು ಹೊರಗೆ ನಿಂತ್ಲು. ಯಾವ ಡಾಕ್ಟರೂ ಇರ್ಲಿಲ್ಲ.

ಮುಚ್ಚಳದಲ್ಲಿ ನೀರು ತಗೊಂಡೆ. ಮಗುವಿನ ತಲೆ ಇಷ್ಟೇ ಇತ್ತು ಮಾವ್ಶಿ, ಒಂದು ಮುಚ್ಚಳ ಧಾರಾಳ ಸಾಕಿತ್ತು. ಆ ವಾಕ್ಯ ಬರ್ಲಿಲ್ಲ. ಗೊಂಬೆಗೆ ಬಂದಿತ್ತು. ಯಾವ ಭಾಷೇಲಾದ್ರೂ ಆಗ್ತದೆ ಅಂತ ನೀವೇ ಹೇಳಿದ್ರಿ, ಕೊಂಕಣಿಯಲ್ಲಿ ಹುಡುಕಿದೆ, ಕನ್ನಡದಲ್ಲಿ ಹುಡುಕಿದೆ. ಬರೇ ಹೆಸರಾದ್ರೂ ಇಟ್ಟು ಕರೆಯೋಣ ಅಂದ್ರೆ ಅದಕ್ಕೂ ನಾಲಗೆ ಏಳ್ಲಿಲ್ಲ. ಮುಚ್ಚಳ ಹಿಡ್ಕೊಂಡು ನಿಂತೇ ಇದ್ದೆ. ಮಗುವಿನ ಎದೆ ಏರೋದು, ಇಳಿಯೋದು, ಏರೋದು. ಆಮೇಲೆ ಏರ್ಲಿಲ್ಲ.

ನರ್ಸ್ ಬಂದು ಕೇಳಿದ್ಲು, ಆಯ್ತಾ ಅಂತ. ಆಯ್ತು ಅಂದೆ. ಅವಳಿಗೆ ಆಯ್ತು ಅಂದೆ, ನಿಮಗೆ ಅವಳು ಬಿಡ್ಲಿಲ್ಲ ಅಂದೆ, ಶೀಬಾ ಹನ್ನೊಂದು ವರ್ಷ ನಿಮ್ಮ ಮೇಲೆ ಸಿಟ್ಟು ಹಿಡ್ಕೊಂಡು ಕೂತ್ಲು, ಕೂರ್ಲಿ ಅಂತ ಬಿಟ್ಟೆ.

ಆ ನೀರು ಎಂಥ ಮಾಡೋದು ಗೊತ್ತಾಗ್ಲಿಲ್ಲ. ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಕುಡಿದೆ.

ಓಮ್ನಿ ಬಂತು. ಹತ್ತು ನಿಮಿಷ ಮೊದಲೇ ಬಂದ್ರು. ನೀವು ಏಳ್ಬೇಡಿ ಮಾವ್ಶಿ, ಕೂತಿರಿ. ಬಾಗಿಲು ನಾನು ತೆಗೀತೇನೆ.